ಏನೂ ಬೆಳೆಯದ ಕೈ

ಸೋಪಮ್ಮ ವಾರ್ಡಿನ ಬಾಗಿಲು ದಾಟಿದರೆ ಸಾಕು, ನಲ್ಲಿಗಳೆಲ್ಲ ಒಮ್ಮೆಲೇ ತೆರೆದುಕೊಳ್ಳುತ್ತಿದ್ದವು. ಅದುವರೆಗೆ ಮೇಜಿಗೆ ಒರಗಿ ಹರಟುತ್ತಿದ್ದ ನರ್ಸುಗಳು ಅಂಗೈ ಉಜ್ಜತೊಡಗುತ್ತಿದ್ದರು. ಹಾಸಿಗೆಯಿಂದ ಹಾಸಿಗೆಗೆ ಹಾರುತ್ತಿದ್ದ ಎಳೆ ಡಾಕ್ಟರುಗಳು ಗೋಡೆಯ ಮೇಲಿನ ಸ್ಯಾನಿಟೈಸರ್ ಬಾಟಲಿಯನ್ನು ಆಗಷ್ಟೇ ಕಂಡವರಂತೆ ಅದರ ತಲೆ ಒತ್ತುತ್ತಿದ್ದರು. ಆಸ್ಪತ್ರೆಯಲ್ಲಿ ಸೋಂಕು ಹರಡದಂತೆ ನೋಡಿಕೊಳ್ಳುವ ನರ್ಸು ಅವಳು. ಯಾರು ಕೈ ತೊಳೆದರು, ಯಾರು ತೊಳೆಯಲಿಲ್ಲ, ಯಾರು ಒಬ್ಬ ರೋಗಿಯನ್ನು ಮುಟ್ಟಿದ ಗ್ಲೌಸಿನಲ್ಲೇ ಇನ್ನೊಬ್ಬನನ್ನು ಮುಟ್ಟಿದರು ಎಂದು ಕಣ್ಣಿಡುವುದೇ ಅವಳ ಕೆಲಸ. ಸೋಪಮ್ಮ ಎಂಬ ಹೆಸರು ಬಂದದ್ದು ಹಾಗೆ. ಎದುರಿಗೆ ಯಾರೂ ಕರೆಯುತ್ತಿರಲಿಲ್ಲ, ಬೆನ್ನ ಹಿಂದೆ ಎಲ್ಲರೂ ಕರೆಯುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು.

ಅದೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನ ಹಿರಿಯ ನರ್ಸು ಅವಳ ಓರಗಿತ್ತಿ. ಭಾವನ ಹೆಂಡತಿಯನ್ನು ಸೋಪಮ್ಮ ಮನೆಯಲ್ಲೂ ಆಸ್ಪತ್ರೆಯಲ್ಲೂ ಅಕ್ಕ ಎಂದೇ ಕರೆಯುತ್ತಿದ್ದಳು. ಅಣ್ಣತಮ್ಮಂದಿರ ಸಂಸಾರ, ಅತ್ತೆ, ಎಲ್ಲ ಒಂದೇ ಮನೆಯಲ್ಲಿ. ಇಬ್ಬರೂ ಒಂದೇ ಬಸ್ಸಿಗೆ ಹೊರಡುತ್ತಿದ್ದರು, ಒಂದೇ ಬಸ್ಸಿಗೆ ಮರಳುತ್ತಿದ್ದರು. ಸೋಪಮ್ಮನಿಗೆ ಈ ಆಸ್ಪತ್ರೆಯಲ್ಲಿ ಕೆಲಸ ಕೊಡಿಸಿದವಳೇ ಅಕ್ಕ. ಥಿಯೇಟರಿನಲ್ಲಿ ಅಕ್ಕನ ಮಾತಿಗೆ ಎದುರಾಡುವವರಿರಲಿಲ್ಲ. ಡಾಕ್ಟರು ಬಾಯಿಬಿಟ್ಟು ಕೇಳುವ ಮೊದಲೇ ಬೇಕಾದ ಕತ್ತರಿ ಅವರ ಅಂಗೈಗೆ ಬಂದು ಕೂತಿರುತ್ತಿತ್ತು.

ಆ ಸಲ ಮಳೆಗಾಲ ಮುಗಿಯುವ ಹೊತ್ತಿಗೆ, ಮಂಡಿಯ ಕೀಲು ಬದಲಿಸಿಕೊಂಡು ಹೋದವರು ಒಬ್ಬೊಬ್ಬರಾಗಿ ವಾಪಸ್ಸು ಬರತೊಡಗಿದರು. ಮೊದಲು ಬಂದವಳು ಸಕ್ಕರೆ ಕಾಯಿಲೆಯ ಮುದುಕಿ. ಅವಳ ಗಾಯ ಕೀವಾದದ್ದಕ್ಕೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆಮೇಲೆ ಒಬ್ಬ ದರ್ಜಿ ಬಂದ. ಅವನ ಹಿಂದೆಯೇ, ಗಟ್ಟಿಮುಟ್ಟಾಗಿದ್ದ ಬಸ್ ಡ್ರೈವರ್ ಒಬ್ಬ ಮಂಡಿ ಊದಿಸಿಕೊಂಡು, ಜ್ವರದಲ್ಲಿ ನಡುಗುತ್ತ ಬಂದ.

"ಮನೆಗೆ ಹೋದ ಮೇಲೆ ಗಾಯಕ್ಕೆ ನೀರು ತಾಗಿಸ್ತಾರೆ. ನಾವೇನು ಮಾಡೋಕಾಗುತ್ತೆ?" ಎಂದರು ಮೂಳೆ ಡಾಕ್ಟರು.

ಆದರೆ ಲ್ಯಾಬಿನ ಡಾಕ್ಟರಮ್ಮ ಒಪ್ಪಲಿಲ್ಲ. ಮೂವರ ಕೀವನ್ನೂ ಪರೀಕ್ಷಿಸಿದ್ದ ಆಕೆ ಸೋಪಮ್ಮನನ್ನು ಕರೆಸಿ, "ಮೂರರಲ್ಲೂ ಒಂದೇ ಕ್ರಿಮಿ, ಮೂರೂ ಅವೇ ಔಷಧಿಗಳಿಗೆ ಬಗ್ಗಲ್ಲ, ಅದೇ ಒಂದು ಔಷಧಿಗೆ ಮಾತ್ರ ಬಗ್ಗುತ್ತೆ. ಮೂರು ಮನೆಯವರೂ ಸೇರಿ ಒಂದೇ ಕ್ರಿಮಿ ಸಾಕ್ಕೊಂಡಿದ್ರು ಅಂತೀಯಾ? ಇದು ನಮ್ಮಲ್ಲೇ ಎಲ್ಲೋ ಇದೆ ಕಣಮ್ಮ," ಎಂದರು.

ಆ ಮಾತು ಹೇಗೆ ಹೊರಗೆ ಬಿತ್ತೋ, ಮಧ್ಯಾಹ್ನದೊಳಗೆ ಆಸ್ಪತ್ರೆಯ ತುಂಬ ಗುಸುಗುಸು. ಸೋಪಮ್ಮ ಕಾರಿಡಾರಿನಲ್ಲಿ ನಡೆದರೆ ಒಬ್ಬರಲ್ಲ ಒಬ್ಬರು ಪಕ್ಕಕ್ಕೆ ಎಳೆಯುತ್ತಿದ್ದರು. ಮೂಳೆ ಡಾಕ್ಟರು ಉಂಗುರ ತೆಗೆಯುವುದೇ ಇಲ್ಲವಂತೆ. ಅರಿವಳಿಕೆ ಡಾಕ್ಟರು ಗ್ಲೌಸಿನ ಕೈಯಲ್ಲೇ ಫೋನು ಒತ್ತುತ್ತಾರಂತೆ. ಆಯಾ ಹೊರಗಿನ ಕಾರಿಡಾರಿಗೂ ಥಿಯೇಟರಿಗೂ ಒಂದೇ ಮಾಪು ಬಳಸುತ್ತಾಳಂತೆ. ಆಯಾಳನ್ನು ಕೇಳಿದರೆ, "ನೆಲ ಒರೆಸೋಳನ್ನ ಹಿಡೀತೀರಾ ಸಿಸ್ಟರ್, ನೆಲಕ್ಕೆ ಬಿದ್ದ ಕತ್ತರಿ ಎತ್ಕೊಳ್ಳೋರನ್ನ ಕೇಳಲ್ಲ," ಎಂದು ಮೂತಿ ತಿರುವಿದಳು. ಚಾಡಿ ಹೇಳಿದ ಪ್ರತಿಯೊಬ್ಬರೂ ಕೊನೆಗೆ, "ನಾನು ಹೇಳಿದೆ ಅಂತ ಮಾತ್ರ ಹೇಳ್ಬೇಡಿ," ಎನ್ನುತ್ತಿದ್ದರು. ಸಂಜೆಯಾಗುವಷ್ಟರಲ್ಲಿ ಸೋಪಮ್ಮನಿಗೆ ಯಾರ ಮುಖ ನೋಡಿದರೂ ಏನೋ ಬಚ್ಚಿಟ್ಟ ಹಾಗೆ ಕಾಣತೊಡಗಿತು.

ಅವಳು ಥಿಯೇಟರಿನ ಎಲ್ಲ ನಲ್ಲಿಗಳ ಪಕ್ಕ ದಪ್ಪಕ್ಷರದ ಕಾಗದ ಅಂಟಿಸಿದಳು: ಇನ್ನೂ ಚೆನ್ನಾಗಿ, ಬ್ರಷ್ ಹಾಕಿ ಉಜ್ಜಿ ತೊಳೆಯಿರಿ. ನೀರು, ಗಾಳಿಯ ಕೊಳವೆ, ಉಪಕರಣ ಬೇಯಿಸುವ ಯಂತ್ರ, ಟೇಬಲ್ಲಿನ ಸಂದುಗೊಂದು, ಎಲ್ಲದರ ಪರೀಕ್ಷೆಯೂ ಆಯಿತು. ಎಲ್ಲೂ ಏನೂ ಸಿಗಲಿಲ್ಲ. ಇನ್ನು ಉಳಿದದ್ದು ಮನುಷ್ಯರು.

ಒಂದು ಬೆಳಿಗ್ಗೆ ಥಿಯೇಟರಿನ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅವಳು ಒಬ್ಬೊಬ್ಬರನ್ನೇ ಕರೆದಳು. ಮೂಗಿನೊಳಗಿಂದ ಒಂದು ಹತ್ತಿಕಡ್ಡಿ, ಬೆರಳ ಸಂದುಗಳಿಂದ ಒಂದು.

"ನನ್ನ ಮೇಲೂ ಅನುಮಾನಾನಾ ಸಿಸ್ಟರ್?" ಎಂದರು ಮೂಳೆ ಡಾಕ್ಟರು, ನಗುತ್ತಲೇ, ಆದರೆ ಕಣ್ಣು ನಗದೆ.

"ಎಲ್ಲರ ಮೇಲೂ ಸರ್. ನನ್ನದೂ ಕಳಿಸಿದ್ದೀನಿ."

ಅಕ್ಕನ ಮೂಗಿನದು ಆಗುವಷ್ಟರಲ್ಲಿ ವಾರ್ಡಿನಿಂದ ಕರೆ ಬಂತು. ಸೋಪಮ್ಮ ಕಡ್ಡಿಗಳ ಡಬ್ಬಿ ಹಿಡಿದುಕೊಂಡು ಅತ್ತಿತ್ತ ನೋಡಿದಳು.

"ನೀನು ಹೋಗು, ನನ್ನ ಕೈಯದು ನಾನೇ ತಗೊಂಡು ಲ್ಯಾಬಿಗೆ ಕಳಿಸ್ತೀನಿ," ಎಂದಳು ಅಕ್ಕ. "ನನಗೇನು ಗೊತ್ತಿಲ್ವಾ ಈ ಕೆಲಸ?"

ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಸೋಪಮ್ಮ ಡಬ್ಬಿ ಕೊಟ್ಟು ಹೋದಳು.

ಕ್ರಿಮಿ ಬೆಳೆಸುವ ಗಾಜಿನ ತಟ್ಟೆಗಳನ್ನು ಲ್ಯಾಬಿನ ಡಾಕ್ಟರಮ್ಮ ಕಿಟಕಿಯ ಬೆಳಕಿಗೆ ಹಿಡಿದು ತೋರಿಸಿದರು. ಆ ದುಷ್ಟ ಕ್ರಿಮಿ ಯಾರದರಲ್ಲೂ ಇರಲಿಲ್ಲ. ಆದರೆ ಎರಡು ತಟ್ಟೆಗಳನ್ನು ಮಾತ್ರ ಆಕೆ ಬೇರೆಯಾಗಿ ಎತ್ತಿಟ್ಟಿದ್ದರು. ಎರಡೂ ಏನೂ ಬೆಳೆಯದೆ ಕನ್ನಡಿಯ ಹಾಗೆ ನುಣ್ಣಗಿದ್ದವು.

"ಇವರ ಕೈ ಅಷ್ಟು ಸ್ವಚ್ಛ ಅಂತಾನಾ ಮೇಡಂ?"

"ಹಸುಗೂಸಿನ ಕೈಲೂ ಏನಾದ್ರೂ ಬೆಳೆಯುತ್ತಮ್ಮ. ಚರ್ಮ ಅಂದ ಮೇಲೆ ಯಾರಿಗೂ ಏನೂ ಮಾಡದ ಪಾಪದ ಕ್ರಿಮಿಗಳು ಇದ್ದೇ ಇರ್ತವೆ. ಒಂದೂ ಇಲ್ಲ ಅಂದ್ರೆ, ಕಡ್ಡಿ ಕೈಗೆ ತಾಗೇ ಇಲ್ಲ, ಇಲ್ಲಾ ಯಾರೋ ಜಾಣತನ ಮಾಡಿದಾರೆ."

ಒಂದು ಮೂಳೆ ಡಾಕ್ಟರದ್ದು. ಇನ್ನೊಂದು ಅಕ್ಕನದು.

ಸೋಪಮ್ಮನ ಅನುಮಾನ ಓಡಿದ್ದು ಡಾಕ್ಟರ ಕಡೆಗೇ. ಉಂಗುರದ ಮಾತು ಮೊದಲೇ ಕಿವಿಯಲ್ಲಿತ್ತು. ಅವರು ಎಲ್ಲಿ ಹೋದರೂ ಹಿಂದೆ ಹಿಂದೆಯೇ ಸುತ್ತಿ, ಎರಡನೇ ಸಲ ಕೈ ಕೇಳಿದಳು. ಡಾಕ್ಟರು ರೇಗಿದರು, ಆಮೇಲೆ ತಾವೇ ನಕ್ಕರು. "ನೀವು ಕರೀತೀರಿ ಅಂತ ಗೊತ್ತಾಗಿ, ಬರೋ ಮುಂಚೆ ಸ್ಪಿರಿಟ್‌ನಲ್ಲಿ ಕೈ ಉಜ್ಜಿದ್ದೆ. ಪರೀಕ್ಷೆಗೆ ಹೋಗೋವಾಗ ಯಾರಾದ್ರೂ ಕೊಳಕು ಕೈಲಿ ಹೋಗ್ತಾರಾ ಸಿಸ್ಟರ್?" ಈ ಸಲ ಅವರ ತಟ್ಟೆಯಲ್ಲಿ ಎಲ್ಲರ ಹಾಗೆ ಪಾಪದ ಕ್ರಿಮಿಗಳೇ ಬೆಳೆದವು.

ಅಕ್ಕನ ಕೈ ಎರಡನೇ ಸಲ ಕೇಳಬೇಕಾಗಿದ್ದ ದಿನ ಅಕ್ಕ ರಜೆ ಹಾಕಿದಳು. ತಲೆನೋವಂತೆ.

ಅಕ್ಕನ ಮೇಲೆ ಅನುಮಾನಪಡುವುದು ಸೋಪಮ್ಮನಿಗೆ ಬೇಕಾಗಿರಲಿಲ್ಲ. ಆದರೆ ಒಮ್ಮೆ ಹೊಕ್ಕ ಹುಳ ಸುಮ್ಮನಿರುತ್ತದೆಯೇ? ಮನೆಯಲ್ಲಿ ಇಷ್ಟು ದಿನ ಕಣ್ಣಿಗೆ ಬೀಳದ್ದೆಲ್ಲ ಈಗ ಬೀಳತೊಡಗಿತು. ಅಕ್ಕ ಪಾತ್ರೆ ತೊಳೆಯುವುದನ್ನು ಬಿಟ್ಟು ಎಷ್ಟು ದಿನವಾಯಿತು? "ದೊಡ್ಡವಳಿಗೆ ಈಚೆಗೆ ಸೋಮಾರಿತನ ಬಂದಿದೆ. ಸಿಂಕಿನ ಹತ್ರ ಸುಳಿಯೋದೇ ಇಲ್ಲ," ಎಂದು ಅತ್ತೆ ಗೊಣಗುತ್ತಿದ್ದುದು ಸುಮ್ಮನೆ ಅಲ್ಲ. ಈ ಸೆಕೆಯಲ್ಲೂ ಅಕ್ಕ ಉದ್ದ ತೋಳಿನ ಅಂಗಿಯನ್ನೇ ಹಾಕುತ್ತಿದ್ದಳು. ಬಸ್ಸಿನಲ್ಲಿ ಕಂಬ ಹಿಡಿಯುವಾಗ ನಡುವೆ ಕರವಸ್ತ್ರ ಇರುತ್ತಿತ್ತು. ಊಟಕ್ಕೆ ಕೂತರೆ ಚಮಚ. ಸೋಪಮ್ಮನ ಮಗು "ದೊಡ್ಡಮ್ಮಾ" ಎಂದು ಕೈ ಹಿಡಿಯಲು ಓಡಿದರೆ ಅಕ್ಕ ಸೊಂಟದಿಂದ ತಳ್ಳಿ ಜಾಗ ಮಾಡಿಕೊಳ್ಳುತ್ತಿದ್ದಳೇ ಹೊರತು ಕೈ ಕೊಡುತ್ತಿರಲಿಲ್ಲ.

"ಏನು ಹಾಗೆ ನೋಡ್ತಾ ಇದ್ದೀಯ?" ಎಂದಳು ಅಕ್ಕ ಒಂದು ದಿನ, ತಟ್ಟೆಯಿಂದ ತಲೆಯೆತ್ತದೆ.

"ಏನಿಲ್ಲ ಅಕ್ಕ."

"ಏನಿಲ್ಲದೆ ಯಾರೂ ಅಷ್ಟು ಹೊತ್ತು ನೋಡಲ್ಲ."

ಅಂದಿನಿಂದ ಅಕ್ಕನೂ ಇವಳನ್ನು ಓರೆಗಣ್ಣಿನಲ್ಲಿ ಅಳೆಯತೊಡಗಿದಳು. ಬಚ್ಚಲಿಗೆ ಹೋದರೆ ಚಿಲಕ ಹಾಕುವ ಸದ್ದು ಜೋರಾಗಿ ಕೇಳುತ್ತಿತ್ತು. ಇವಳು ಅಡುಗೆಮನೆಗೆ ಬಂದರೆ ಅವಳು ಹೊರಗೆ. "ನಿಮ್ಮಿಬ್ಬರ ಮಧ್ಯೆ ಏನು ನಡೀತಿದೆ?" ಎಂದು ಸೋಪಮ್ಮನ ಗಂಡ ಕೇಳಿದ. ಅವಳು, "ಆಸ್ಪತ್ರೆ ವಿಷಯ," ಎಂದು ಬಾಯಿ ಮುಚ್ಚಿಸಿದಳು.

ಭಾನುವಾರ ಮಧ್ಯಾಹ್ನ ಅಕ್ಕ ತಾರಸಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೈಗೆ ಮೊಣಕೈವರೆಗಿನ ರಬ್ಬರ್ ಗ್ಲೌಸು. ಒದ್ದೆ ಹೊದಿಕೆಯೊಂದನ್ನು ಹಿಂಡಲು ಹೋಗಿ, ಹಲ್ಲು ಕಚ್ಚಿ, ಅರ್ಧಕ್ಕೇ ಬಿಟ್ಟು ನೀರು ಸುರಿಯುತ್ತಿದ್ದಂತೆಯೇ ತಂತಿಯ ಮೇಲೆ ಎಸೆದಳು. ಮೆಟ್ಟಿಲ ಬಳಿ ನಿಂತಿದ್ದ ಸೋಪಮ್ಮ ಅದನ್ನು ಕಂಡಳು.

"ಅಕ್ಕ, ಗ್ಲೌಸ್ ತೆಗಿ."

ಅಕ್ಕ ತಿರುಗಿದಳು. "ಮನೇಲೂ ಡ್ಯೂಟೀನಾ?"

"ತೆಗಿ ಅಕ್ಕ. ಕೈ ತೋರಿಸು."

"ತೋರಿಸ್ದೇ ಇದ್ರೆ?"

ಸೋಪಮ್ಮ ಮೆಟ್ಟಿಲಿಗೆ ಅಡ್ಡ ನಿಂತಳು. ಅಕ್ಕ ಅವಳನ್ನು ದಿಟ್ಟಿಸಿದಳು. ಆಮೇಲೆ ಒಂದೊಂದೇ ಬೆರಳು ಜಗ್ಗಿ ರಬ್ಬರನ್ನು ಕಳಚಿದಳು.

ಸೋಪಮ್ಮ ಏನನ್ನು ನೋಡಲು ಸಿದ್ಧಳಾಗಿದ್ದಳೋ, ಇದನ್ನಂತೂ ಅಲ್ಲ. ಬೆರಳ ಸಂದುಗಳು ಬಿರುಕು ಬಿಟ್ಟು ರಸಿಗೆ ಒಸರುತ್ತಿತ್ತು. ಗೆಣ್ಣುಗಳ ಮೇಲೆ ಚರ್ಮವೇ ಇಲ್ಲದಂಥ ಕೆಂಪು. ಹಿಂಗೈ ಬೇಸಿಗೆಯ ಕೆರೆಯ ತಳದ ಹಾಗೆ ಒಡೆದಿತ್ತು.

"ಕೈ ತೊಳೀದೆ ಹೀಗಾಯ್ತು ಅಂದ್ಕೊಂಡ್ಯಾ?" ಎಂದಳು ಅಕ್ಕ. "ತೊಳೆದೂ ತೊಳೆದೂ ಆಗಿದ್ದು ಕಣೆ. ಥಿಯೇಟರಲ್ಲಿ ಕೈ ತೊಳೆಯೋಕೆ ಆ ಹೊಸ ಲೋಷನ್ ಬಂದಾಗಿನಿಂದ ಉರಿ ಶುರುವಾಯ್ತು. ಅದರ ಮೇಲೆ ನೀನು ಕಾಗದ ಅಂಟಿಸಿದೆ, ಬ್ರಷ್ ಹಾಕಿ ಉಜ್ಜಿ ಅಂತ. ಉಜ್ಜಿದೆ. ರಕ್ತ ಬರೋ ಹಾಗೆ ಉಜ್ಜಿದೆ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಳಿದವಳು ಈಗ ಎಲ್ಲಿದಾಳೆ? ಆ ಗುಂಗುರು ಕೂದಲಿನ ಸಿಸ್ಟರ್ ಹೋದ ವರ್ಷ ಒಡೆದ ಕೈ ತೋರಿಸಿದ್ಲಲ್ಲ, ಮಾರನೇ ದಿನವೇ ಥಿಯೇಟರಿಂದ ತೆಗೆದು ಇಂಜೆಕ್ಷನ್ ರೂಮಿಗೆ ಹಾಕಿದ್ರು. ಇನ್ನೂ ಅಲ್ಲೇ ಇದಾಳೆ. ಥಿಯೇಟರ್ ಬಿಟ್ರೆ ನನಗೆ ಬೇರೆ ಏನು ಬರುತ್ತೆ ಹೇಳು?"

"ಹಾಗಾದ್ರೆ ಅವತ್ತು ಪರೀಕ್ಷೆಗೆ ಕಳಿಸಿದ್ದು..."

"ಬರೀ ಕಡ್ಡೀನೇ ಕಳಿಸ್ದೆ. ಹೌದು. ಆದ್ರೆ ಎರಡೆರಡು ಗ್ಲೌಸ್ ಹಾಕ್ಕೋತಿದ್ದೆ, ಒಂದಲ್ಲ."

"ಗ್ಲೌಸಿಗೆ ಕಣ್ಣಿಗೆ ಕಾಣದ ಹಾಗೆ ತೂತು ಬೀಳುತ್ತೆ ಅಂತ ನಾನು ನಿನಗೆ ಹೇಳ್ಬೇಕಾ ಅಕ್ಕ? ನನಗೆ ಅದನ್ನ ಕಲಿಸಿದ್ದೇ ನೀನು."

ಸೋಪಮ್ಮ ಕೆಳಗೆ ಹೋಗಿ ತನ್ನ ಬ್ಯಾಗಿನಿಂದ ಹತ್ತಿಕಡ್ಡಿಯ ಕೊಳವೆ ತಂದಳು. ಅದನ್ನು ಕಂಡದ್ದೇ ಅಕ್ಕನ ಮುಖ ಬಿಳಚಿಕೊಂಡಿತು.

"ಬ್ಯಾಗಲ್ಲೇ ಇಟ್ಕೊಂಡಿದ್ದೀಯ. ಅಂದ್ರೆ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದೆ."

"ಹೌದು ಅಕ್ಕ," ಎಂದಳು ಸೋಪಮ್ಮ. ಬೇರೆ ಏನು ಹೇಳಿದರೂ ಸುಳ್ಳಾಗುತ್ತಿತ್ತು.

ಅಕ್ಕ ಎರಡೂ ಕೈ ಮುಂದೆ ಚಾಚಿ, ಮುಖವನ್ನು ಆಚೆ ತಿರುಗಿಸಿಕೊಂಡಳು.

ಈ ಸಲ ತಟ್ಟೆ ನುಣ್ಣಗಿರಲಿಲ್ಲ. ಮೂವರ ಮಂಡಿಯಲ್ಲಿದ್ದ ಅದೇ ಕ್ರಿಮಿ ದಟ್ಟವಾಗಿ ಬೆಳೆದಿತ್ತು. "ಇವಳಿಂದ ಅವರಿಗೆ ಹೋಯ್ತೋ, ಮೊದಲನೇ ರೋಗಿಯಿಂದ ಇವಳ ಗಾಯಕ್ಕೆ ಬಂದು ಆಮೇಲೆ ಉಳಿದವರಿಗೆ ಹೋಯ್ತೋ, ಅದನ್ನ ಈ ತಟ್ಟೆ ಹೇಳಲ್ಲ," ಎಂದರು ಲ್ಯಾಬಿನ ಡಾಕ್ಟರಮ್ಮ. ಅಕ್ಕನನ್ನು ಅಂದೇ ಥಿಯೇಟರಿನಿಂದ ಹೊರಗಿಟ್ಟು ಚರ್ಮದ ಡಾಕ್ಟರ ಬಳಿ ಕಳಿಸಿದರು.

ದೊಡ್ಡ ಡಾಕ್ಟರ ಕೋಣೆಯಲ್ಲಿ ಥಿಯೇಟರಿನವರ ಸಭೆ ಸೇರಿತು. ಆಸ್ಪತ್ರೆಯ ಆಡಳಿತವೆಲ್ಲ ದೊಡ್ಡ ಡಾಕ್ಟರ ಕೈಯಲ್ಲಿತ್ತು. ಒಬ್ಬ ನರ್ಸಿನ ಬೇಜವಾಬ್ದಾರಿ ಎಂದು ಹೇಳಿ ಮುಗಿಸುವ ಅವಸರ ಅವರಿಗೆ.

"ಸರ್, ಲೋಷನ್ ಎಲ್ಲರಿಗೂ ಒಂದೇ," ಎಂದಳು ಸೋಪಮ್ಮ. "ಎಲ್ಲರ ಕೈಯನ್ನೂ ಒಂದ್ಸಲ ನೋಡ್ಬೇಕು."

ಎಲ್ಲರ ಕೈಗಳೂ ಮೇಜಿನ ಕೆಳಗೇ ಇದ್ದವು. ತನ್ನವಳನ್ನೇ ಹಿಡಿದುಕೊಟ್ಟವಳು ನಮ್ಮನ್ನು ಬಿಟ್ಟಾಳೆಯೇ ಎಂಬುದು ಎಲ್ಲರ ಮುಖದ ಮೇಲೂ ಬರೆದಿತ್ತು. ತೋರಿಸಿದರೆ ಇಂಜೆಕ್ಷನ್ ರೂಮು, ಗುತ್ತಿಗೆಯವರಾದರೆ ಮನೆ.

ಆಗ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಕ್ಕ ಎದ್ದು ಬಂದಳು. ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಎರಡೂ ಅಂಗೈ ಮೇಲೆ ಮಾಡಿ ಮೇಜಿನ ಮೇಲಿಟ್ಟಳು. "ನನ್ನದು ಹೇಗೂ ಹೋಯ್ತು," ಎಂದಳು. "ನಿಮ್ಮದು ಇಷ್ಟಕ್ಕೆ ಬರೋ ಮೊದಲೇ ತೋರಿಸಿಬಿಡಿ."

ಮೊದಲು ಕೈ ಎತ್ತಿದವನು ಅರಿವಳಿಕೆಯ ಸಹಾಯಕ. ಅವನ ಬೆರಳ ತುದಿಗಳು ಸಿಪ್ಪೆ ಸುಲಿದಿದ್ದವು. ಇನ್ನೊಬ್ಬ ನರ್ಸು ಅಳುತ್ತಲೇ ಗೆಣ್ಣುಗಳನ್ನು ತೋರಿಸಿದಳು. ಕೊನೆಗೆ ಮೂಳೆ ಡಾಕ್ಟರು ತಮ್ಮ ಉಂಗುರವನ್ನು ತಿರುಚಿ ತಿರುಚಿ ತೆಗೆದರು. ಅದರಡಿಯ ಚರ್ಮ ಬೆಂದಂತೆ ಕೆಂಪಾಗಿತ್ತು. "ಇದು ಉಂಗುರದಿಂದ ಆಗಿದ್ದು ಅಂದ್ಕೊಂಡಿದ್ದೆ," ಎಂದು ಸಣ್ಣ ದನಿಯಲ್ಲಿ ಹೇಳಿದರು. ದೊಡ್ಡ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, ಆ ಲೋಷನ್ನನ್ನು ವಾಪಸ್ಸು ಕಳಿಸಲು ಹೇಳಿದರು. ಕೈ ಒಡೆದವರು ಹೇಳಿದರೆ ವಾಸಿಯಾಗುವವರೆಗೆ ಮಾತ್ರ ಬೇರೆ ಕೆಲಸ, ಆಮೇಲೆ ಅವರ ಜಾಗ ಅವರಿಗೇ ಎಂದು ಸೋಪಮ್ಮ ಹಟ ಹಿಡಿದು ಒಪ್ಪಿಸಿದಳು. ನಲ್ಲಿಯ ಪಕ್ಕದ ಕಾಗದಗಳನ್ನು ತಾನೇ ಉಗುರಿನಿಂದ ಕೆರೆದು ತೆಗೆದಳು.

ಆದರೆ ಮನೆಯಲ್ಲಿ ಬೇರೆಯೇ ಶುರುವಾಗಿತ್ತು. ಸುದ್ದಿ ಕಿವಿಗೆ ಬಿದ್ದದ್ದೇ ಅತ್ತೆ ಅಕ್ಕನ ತಟ್ಟೆ ಲೋಟಗಳನ್ನು ಬೇರೆ ಮೂಲೆಗೆ ಸರಿಸಿದರು. ಅಕ್ಕ ಕೂತ ಚಾಪೆಯನ್ನು ಕೋಲಿನಿಂದ ಎತ್ತಿ ಬಿಸಿಲಿಗೆ ಹಾಕಿದರು.

"ಅತ್ತೆ, ಏನಿದು?"

"ನೀನೇ ತಾನೇ ಕಂಡುಹಿಡಿದಿದ್ದು, ಅವಳ ಕೈಲಿ ರೋಗ ಇದೆ ಅಂತ? ಮನೇಲಿ ಮಗು ಇದೆ. ನಿನಗಿಲ್ಲದ ಭಯ ನನಗಿರ್ಬಾರ್ದಾ?"

"ಔಷಧಿ ಹಚ್ತಿದಾಳೆ, ಬಟ್ಟೆ ಸುತ್ತಿದಾಳೆ. ತಟ್ಟೆಯಿಂದ ಏನೂ ಬರಲ್ಲ." ಅಷ್ಟು ಸ್ಪಷ್ಟವಾಗಿ ಹೇಳಿ ಸೋಪಮ್ಮ ಲೋಟಗಳನ್ನು ಮೊದಲಿನ ಜಾಗದಲ್ಲಿಟ್ಟಳು. ಮಾರನೇ ಬೆಳಿಗ್ಗೆ ಅವು ಮತ್ತೆ ಮೂಲೆಯಲ್ಲಿದ್ದವು. ಇಟ್ಟವಳು ಅಕ್ಕನೇ. "ಬಿಡು, ಕೈ ಒಣಗೋವರೆಗೆ ಅವರಿಗೂ ನೆಮ್ಮದಿ ಇರ್ಲಿ," ಎಂದಳು, ಸೋಪಮ್ಮನ ಮುಖ ನೋಡದೆ. ಥಿಯೇಟರಿನ ಹೊರಗಿನ ಕೆಲಸಕ್ಕೆ ಹೋಗುತ್ತಿದ್ದ ಅವಳು ಈಗ ಸೋಪಮ್ಮನಿಗಿಂತ ಮುಂಚಿನ ಬಸ್ಸು ಹಿಡಿಯತೊಡಗಿದ್ದಳು.

ಒಂದು ದಿನ ಅಕ್ಕ ತಾನಾಗಿಯೇ ಸೋಪಮ್ಮನ ಕೋಣೆಗೆ ಬಂದಳು. "ಆ ಡ್ರೈವರ್ ಇನ್ನೂ ವಾರ್ಡಲ್ಲೇ ಇದಾನಂತೆ. ಬಾ ನನ್ನ ಜೊತೆ."

"ಯಾಕೆ?"

"ಒಬ್ಬಳೇ ಹೋಗೋಕೆ ಆಗ್ತಿಲ್ಲ."

ಡ್ರೈವರನ ಮಂಡಿಯನ್ನು ಮತ್ತೆ ತೆರೆದು ತೊಳೆದಿದ್ದರು. ಇಬ್ಬರು ನರ್ಸುಗಳು ಒಟ್ಟಿಗೆ ಬಂದದ್ದನ್ನು ಕಂಡು ಅವನು ಹುಬ್ಬು ಗಂಟಿಕ್ಕಿದ. "ಏನು, ಮತ್ತೆ ಕೊಯ್ಯಬೇಕಂತಾ?"

ಅಕ್ಕ ನಿಂತೇ ಹೇಳಿದಳು. ತನ್ನ ಕೈ ಒಡೆದದ್ದು, ಮುಚ್ಚಿಟ್ಟದ್ದು, ಅವನ ಗಾಯದಲ್ಲಿದ್ದದ್ದೇ ತನ್ನ ಕೈಯಲ್ಲೂ ಸಿಕ್ಕಿದ್ದು. "ನನ್ನಿಂದಲೇ ನಿಮಗೆ ಬಂದಿರಬಹುದು. ಖಚಿತವಾಗಿ ಗೊತ್ತಿಲ್ಲ. ಆದ್ರೆ ಬಂದಿರಬಹುದು."

ಡ್ರೈವರ್ ದಿಂಬಿನಿಂದ ತಲೆಯೆತ್ತಿದ. "ಯಾರು ಹೇಳಿಕೊಟ್ಟು ಕಳಿಸಿದ್ರು? ಕೇಸು ಗೀಸು ಹಾಕಬಾರ್ದು ಅಂತಾನಾ?"

"ಯಾರೂ ಇಲ್ಲ. ಹಾಕೋದಾದ್ರೆ ಹಾಕಿ."

ಅವನು ಗೋಡೆಯ ಕಡೆ ಹೊರಳಿದ. ಸ್ಟೂಲಿನ ಮೇಲೆ ಕೂತಿದ್ದ ಅವನ ಹೆಂಡತಿ ನಿಧಾನವಾಗಿ ಎದ್ದು ನಿಂತಳು. "ಹಾಗಾದ್ರೆ ನಾನಲ್ಲ?" ಎಂದಳು.

ಅಕ್ಕನಿಗೆ ಅರ್ಥವಾಗಲಿಲ್ಲ.

"ಮನೇಲಿ ನೀರು ತಾಗಿಸಿರ್ತಾರೆ ಅಂತ ಡಾಕ್ಟರು ಇವರಿಗೆ ಹೇಳಿದ್ರು. ಅವತ್ತಿಂದ ಇವರು ದಿನಾ ಒಂದೇ ಮಾತು, ನಿಜ ಹೇಳು, ತಾಗಿಸ್ದೆ ತಾನೇ ಅಂತ. ಕೇಳೀ ಕೇಳೀ, ತಾಗಿಸ್ದೆನೇನೋ ಅಂತ ನನಗೂ ಅನ್ನಿಸೋಕೆ ಶುರುವಾಗಿತ್ತು."

"ನೀವಲ್ಲ," ಎಂದಳು ಅಕ್ಕ.

ಡ್ರೈವರ್ ಗೋಡೆಯಿಂದ ಈಚೆಗೆ ತಿರುಗಿದ. ಅಕ್ಕನ ಕಡೆಗಲ್ಲ, ಹೆಂಡತಿಯ ಕಡೆಗೆ. ಅಲ್ಲಿ ನಿಲ್ಲುವುದು ಸರಿಯಲ್ಲವೆನಿಸಿ ಇಬ್ಬರೂ ಹೊರಗೆ ಬಂದರು.

ಅವನು ಕೇಸು ಹಾಕಲಿಲ್ಲ, ಅಕ್ಕನನ್ನು ಮಾತಾಡಿಸಲೂ ಇಲ್ಲ. ಮಂಡಿ ವಾಸಿಯಾಯಿತು, ಆದರೆ ಪೂರ್ತಿ ಮಡಚಲು ಬರಲಿಲ್ಲ. ಸ್ಟೇರಿಂಗ್ ಬಿಟ್ಟು ಡಿಪೋದ ಆಫೀಸಿನಲ್ಲಿ ಕೂರುವ ಕೆಲಸ ಸಿಕ್ಕಿತಂತೆ ಎಂದು ಆಯಾ ಸುದ್ದಿ ತಂದಳು. ಮುದುಕಿ, ದರ್ಜಿ ಇಬ್ಬರೂ ಚೇತರಿಸಿಕೊಂಡರು. ಹೊಸದಾಗಿ ಯಾರೂ ಮಂಡಿ ಹಿಡಿದುಕೊಂಡು ವಾಪಸ್ಸು ಬರಲಿಲ್ಲ. ಮಳೆಗಾಲ ಮತ್ತೆ ಹತ್ತಿರವಾಗುವ ಹೊತ್ತಿಗೆ ಅಕ್ಕನ ಕೈ ಮಾಗಿ, ಲ್ಯಾಬಿನವರೂ ಒಪ್ಪಿ, ಅವಳು ಥಿಯೇಟರಿಗೆ ಮರಳಿದಳು.

ಮರಳಿದ ದಿನ ಸಂಜೆ ಸೋಪಮ್ಮ ಬಸ್ಸು ಹತ್ತಿ ಸೀಟಿನ ಈಚೆ ತುದಿಯಲ್ಲಿ ಕೂತಿದ್ದಳು. ಅಕ್ಕ ಹತ್ತಿ ಬಂದು, ಹಿಂದೆ ಖಾಲಿ ಸೀಟುಗಳಿದ್ದರೂ ಅವಳ ಎದುರು ನಿಂತಳು.

"ಅವತ್ತು ತಾರಸಿ ಮೇಲೆ ನೀನು ಕೇಳ್ದೇ ಹೋಗಿದ್ರೆ ನಾನು ಯಾವತ್ತೂ ಹೇಳ್ತಿರ್ಲಿಲ್ಲ," ಎಂದಳು. "ಇನ್ನೂ ಎಷ್ಟು ಜನಕ್ಕೆ ಆಗ್ತಿತ್ತೋ. ಅದು ನೆನಪಾದಾಗೆಲ್ಲ ನಿನ್ನ ಮೇಲೆ ಸಿಟ್ಟು ಬರುತ್ತೆ."

"ನನ್ನ ಮೇಲಾ?"

"ಮತ್ತೆ ಇನ್ಯಾರ ಮೇಲೆ ಬರ್ಬೇಕು?" ಅಕ್ಕ ಬ್ಯಾಗನ್ನು ಹೆಗಲಿಂದ ಇಳಿಸಿದಳು. "ಸರಿ, ಆ ಕಡೆ ಜರುಗು. ಕಾಲು ನೋಯ್ತಿದೆ."